ಎಲ್‌ಕೆಜಿ ಸೀಟು, ಗಂಡನ ಹೆಸರು

ಎಲ್‌ಕೆಜಿ ಸೀಟಿಗೆ ಪರೀಕ್ಷೆ ಯಾರಿಗೆ ಹೇಳ್ರಿ? ಮಗುವಿಗೆ ಅಂದಿರಾ? ಹಾಗಾದರೆ ನೀವಿನ್ನೂ ಹಳೇ ಕಾಲದಲ್ಲೇ ಇದ್ದೀರಿ. ಈಗ ಪರೀಕ್ಷೆ ಅವ್ವನಿಗೆ. ಅದೂ ಇಂಗ್ಲಿಷಿನಲ್ಲಿ. ಮಗು ಪಕ್ಕದ ಕೋಣೆಯಲ್ಲಿ ಬಣ್ಣದ ಚೆಂಡು ಆಡಿಕೊಂಡು ಆರಾಮ ಇರುತ್ತದೆ. ಎಸಿ ರೂಮಿನಲ್ಲಿ ಕೂತು ಬೆವರುವವಳು ಅವ್ವ.

ಹೋದ ತಿಂಗಳು ಅಂಥದ್ದೊಂದು ಪರೀಕ್ಷೆಯನ್ನು ಕಣ್ಣಾರೆ ನೋಡಿ ಬಂದೆ. ಅವತ್ತಿನಿಂದ ಹೊಟ್ಟೆ ಉರಿಯುತ್ತಿತ್ತು, ಮೊನ್ನೆ ಇನ್ನಷ್ಟು ಉರಿಯಿತು. ಅದಕ್ಕೇ ಈ ವಾರ ಇದನ್ನೇ ಓದಿ. (ಬಿಸಿಲಿನ ಬಗ್ಗೆ ಬರೆಯುತ್ತೇನೆ ಅಂದಿದ್ದೆ. ಬಿಸಿಲು ವಿಜಯಪುರ ಬಿಟ್ಟು ಎಲ್ಲೂ ಹೋಗಂಗಿಲ್ಲ ಬಿಡ್ರಿ.)

ರೇಣುಕಾ ಅಂತ ಒಬ್ಬಳು. ನಿಡೋಣಿಯ ಮಗಳು, ಟಿಕೋಟಾದ ಸೊಸೆ. ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದಳು. ಮತ್ತೊಮ್ಮೆ ಪರೀಕ್ಷೆಗೆ ಕೂರಿಸುವ ಬದಲು ಮನೆಯವರು ಹಸೆಮಣೆ ಮೇಲೆ ಕೂರಿಸಿದರು. ಗಂಡ ಶ್ರೀಶೈಲನಿಗೆ ಟಿಕೋಟಾದಲ್ಲಿ ಗೊಬ್ಬರದ ಅಂಗಡಿ, ದ್ರಾಕ್ಷಿ ಔಷಧಿಯೂ ಮಾರುತ್ತಾನೆ. ಒಬ್ಬಳೇ ಮಗಳು, ಆರಾಧ್ಯಾ. ಅವಳನ್ನು ವಿಜಯಪುರದ ಒಂದು ದೊಡ್ಡ ಇಂಗ್ಲಿಷ್ ಮೀಡಿಯಂ ಶಾಲೆಗೇ ಹಾಕಬೇಕೆಂಬುದು ಅವನ ಹಟ.

ಅಲ್ಲಿ ತಾಯಿಯನ್ನೂ ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ ಅಂತ ಗೊತ್ತಾದದ್ದೇ ತಡ, ಹೆಂಡತಿಯನ್ನು ಬೈಕಿಗೆ ಹತ್ತಿಸಿಕೊಂಡು ಸೀದಾ ವಿಜಯಪುರದ ನನ್ನ ಮನೆಗೆ ಬಂದ. ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. (ಇದನ್ನು ಎಷ್ಟು ಸಲ ಹೇಳಿ ನಿಮ್ಮ ತಲೆ ತಿಂದಿಲ್ಲ ನಾನು!)

"ಅಕ್ಕೋರ, ಹೆಂಗರ ಮಾಡಿ ಈಕಿಗೆ ನಾಕ ಮಾತು ಇಂಗ್ಲಿಷ್ ಕಲಿಸ್ರಿ. ಅಲ್ಲಿ ಈಕಿ ಬಾಯಿ ತಗೀಲಿಲ್ಲಂದ್ರ ನನ್ನ ಮಗಳ ಸೀಟು ಹ್ವಾತು" ಅಂದ.

ರೇಣುಕಾ ನೆಲ ನೋಡುತ್ತಾ ನಿಂತಿದ್ದಳು.

ಮಧ್ಯಾಹ್ನದ ಊಟದ ಪಾತ್ರೆ ತೊಳೆದು, ಟಿಕೋಟಾದಿಂದ ಬಸ್ ಹಿಡಿದು ಬರುತ್ತಿದ್ದಳು. ಮೊದಲು ಟೆನ್ಸುಗಳನ್ನು ಹಿಡಿದೆವು. ಅವಳ ಅಭ್ಯಾಸವೆಲ್ಲ ಒಲೆಯ ಮುಂದೆ. "ಐ ಆಮ್ ಮೇಕಿಂಗ್ ರೊಟ್ಟಿ. ಐ ಹ್ಯಾವ್ ಮೇಡ್ ರೊಟ್ಟಿ. ಐ ಹ್ಯಾಡ್ ಮೇಡ್ ರೊಟ್ಟಿ ಬಿಫೋರ್ ಅತ್ತಿ ಗಾಟ್ ಅಪ್." ರೊಟ್ಟಿ ಬಡಿಯುತ್ತಾ ಇದನ್ನು ಜೋರಾಗಿ ಹೇಳಿದರೆ ಅತ್ತೆ ಗಾಬರಿಯಾಗಿ, "ಯಾರಿಗೆ ಬೈಯಾಕತ್ತಿ ಬೇ?" ಅಂದರಂತೆ.

ಆಮೇಲೆ ಮಾಡಲ್ ವರ್ಬುಗಳು. ಕ್ಯಾನ್, ಮೇ, ಮಸ್ಟ್, ಶುಡ್, ವುಡ್. ಪುಸ್ತಕದಲ್ಲಿ "ಐ ಮೈಟ್ ಗೋ ಟು ಪ್ಯಾರಿಸ್" ಅಂತ ಒಂದು ವಾಕ್ಯ. ರೇಣುಕಾ ತಡೆದಳು.

"ಪ್ಯಾರಿಸ್ ಬ್ಯಾಡ್ರಿ ಅಕ್ಕೋರ. ನಿಡೋಣಿ ಅಂತೀನಿ. ತವರಮನಿಗೆ ಹೋಗೂದ ನನಗ ಪ್ಯಾರಿಸ್ ಆಗೇತಿ."

ನಕ್ಕೆವು. ನಗುವ ಮಾತಾ ಅದು? ಬಸ್ಸಿನಲ್ಲಿ ಹೋದರೆ ನಿಡೋಣಿ ಎಂಥ ಮಹಾ ದೂರ?

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು "ವುಡ್ ಯು ಲೈಕ್ ಸಮ್ ಟೀ?" ಅನ್ನುವ ವಾಕ್ಯ. ನನ್ನ ಮನೆಯ ಅಡುಗೆಮನೆಗೆ ತಾನೇ ಹೋಗಿ, ಚಹಾ ಸೋಸುತ್ತಾ ಅಲ್ಲಿಂದಲೇ ಕೂಗಿ ಕೇಳುತ್ತಿದ್ದಳು. "ಎಷ್ಟ ಚಂದ ಕೇಳ್ತಾರ್ರಿ ಇವರು! ನಮ್ಮನ್ಯಾಗ ಚಾ ತಾ ಅಂತಾರ, ಅಷ್ಟ. ನಿನಗ ಬೇಕೇನು ಅಂತ ಯಾರೂ ಕೇಳಂಗಿಲ್ಲ."

ಪರೀಕ್ಷೆಯ ದಿನ ಬಂತು. "ನೀವು ಕಣ್ಣಿಗೆ ಕಂಡ್ರ ಸಾಕ್ರಿ, ಧೈರ್ಯ ಬರ್ತೈತಿ" ಅಂತ ಕೈ ಹಿಡಿದಳು. ಹೋದೆ. ಮನೆಯ ಹಿರಿಯರು ಅಂತ ನನಗೂ ಮೂಲೆಯಲ್ಲಿ ಒಂದು ಕುರ್ಚಿ ಸಿಕ್ಕಿತು. ಎದುರಿಗೆ ಇಬ್ಬರು ಮೇಡಂ. ಈ ಕಡೆ ರೇಣುಕಾ, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಶ್ರೀಶೈಲ. ಆರಾಧ್ಯಾಳನ್ನು ಆಯಾ ಬಂದು ಕರೆದುಕೊಂಡು ಹೋದಳು.

ಬೆಳಗ್ಗೆ ಏನು ಮಾಡುತ್ತೀರಿ ಅಂದರು. ಹೇಳಿದಳು. ಮಗಳು ಡಬ್ಬಿ ಊಟ ಮಾಡದೆ ವಾಪಸ್ ತಂದರೆ ಏನು ಮಾಡುತ್ತೀರಿ ಅಂದರು. "ಐ ವುಡ್ ಆಸ್ಕ್ ಹರ್ ವೈ. ಐ ಶುಡ್ ನಾಟ್ ಬೀಟ್." ಅಬ್ಬಾ! ಮೂಲೆಯ ಕುರ್ಚಿಯಲ್ಲಿ ನನ್ನ ಎದೆ ಉಬ್ಬಿತು. ಮೇಡಂಗಳೂ ತಲೆದೂಗಿದರು. ಸೀಟು ಸಿಕ್ಕ ಹಾಗೇ ಅಂದುಕೊಂಡೆ.

ಆಗ ದೊಡ್ಡ ಮೇಡಂ, ಸುಮ್ಮನೆ ಮುಗಿಸುವ ಮಾತು ಅನ್ನುವಂತೆ, ಒಂದು ಸಣ್ಣ ಪ್ರಶ್ನೆ ಕೇಳಿದರು. "ಆ್ಯಂಡ್ ವಾಟ್ ಈಸ್ ಯುವರ್ ಹಸ್ಬಂಡ್ಸ್ ನೇಮ್?"

ರೇಣುಕಾಳ ಬಾಯಿ ಕಟ್ಟಿತು.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡನ ಹೆಸರು ಹಿಡಿದು ಮಾತಾಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ಇವತ್ತಿಗೂ ಹೇಳಿಕೊಡುವ ಮನೆಗಳಿವೆ. ರೇಣುಕಾ ಅವನ ಹೆಸರನ್ನು ಬರೆಯುತ್ತಾಳೆ, ಬಾಯಲ್ಲಿ ಹೇಳುವುದಿಲ್ಲ. ಅವಳ ಮೊಬೈಲಿನಲ್ಲಿ ಅವನು 'ಆರಾಧ್ಯಾನ ಪಪ್ಪಾ'. ರೇಷನ್ ಅಂಗಡಿಯಲ್ಲಿ ಕೇಳಿದರೆ ಮಗಳನ್ನು ಮುಂದೆ ತಳ್ಳಿ ಹೇಳಿಸುತ್ತಾಳೆ. ಇಲ್ಲಿ ಮಗಳು ಪಕ್ಕದ ಕೋಣೆಯಲ್ಲಿ ಚೆಂಡು ಆಡುತ್ತಿದ್ದಾಳಲ್ಲ!

ಮೇಡಂ ಮತ್ತೆ ಕೇಳಿದರು. ನಿಧಾನವಾಗಿ, ಜೋರಾಗಿ, ಕಿವುಡರಿಗೆ ಹೇಳುವ ಹಾಗೆ. ರೇಣುಕಾ ಗಂಡನ ಮುಖ ನೋಡಿದಳು. ಅವನು ತನ್ನ ಬೂಟು ನೋಡಿಕೊಂಡ. ನಾನು ತಡೆಯಲಾರದೆ, "ಮೇಡಂ, ನಮ್ಮ ಕಡೆ..." ಅಂದೆ. "ಓನ್ಲಿ ಪೇರೆಂಟ್ಸ್ ಪ್ಲೀಸ್" ಅಂದರು.

ಕೊನೆಗೆ ರೇಣುಕಾ ಸೆರಗು ಸರಿ ಮಾಡಿಕೊಂಡು, ತಲೆ ತಗ್ಗಿಸಿ, ಮೆಲ್ಲಗೆ ಅಂದಳು:

"ಹಂದರಕ ಹಬ್ಬೇತಿ ದ್ರಾಕ್ಷಿ ಬಳ್ಳಿ ಸಾಲ, ಕೈ ಹಿಡದ ರಾಯರ ಹೆಸರ ಶ್ರೀಶೈಲ."

ಒಡಪು! ಮದುವೆಯಲ್ಲಿ ನಾದಿನಿಯರು ಬಾಗಿಲು ಅಡ್ಡಗಟ್ಟಿ ಗಂಡನ ಹೆಸರು ಹೇಳು ಅಂತ ಕಾಡಿದಾಗ ಅವಳು ಹೇಳಿದ್ದ ಒಡಪು. ಆ ಹೆಸರು ಅವಳ ಬಾಯಿಂದ ಹೊರಗೆ ಬರಲು ಇದ್ದದ್ದು ಅದೊಂದೇ ದಾರಿ.

ಮೇಡಂಗಳು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕೆಂದರು. "ಸೋ ಸ್ವೀಟ್! ಬಟ್ ಇಂಗ್ಲಿಷ್ ಪ್ಲೀಸ್." ದೊಡ್ಡ ಮೇಡಂ ಏನು ಲಂಡನ್ನಿನಿಂದ ಬಂದವರಲ್ಲ. ಹೊರಗೆ ಆಯಾಗೆ ಬೈಯುವಾಗ ಅವರ ಬಾಯಿಂದ ಅಚ್ಚ ನಮ್ಮ ಕಡೆಯ ಕನ್ನಡವೇ ಬಂದಿತ್ತು. ಅವರ ಅವ್ವ ಒಡಪು ಹೇಳದೆ ಗಂಡನ ಮನೆ ಹೊಸ್ತಿಲು ದಾಟಿದ್ದರೇ? ಗೊತ್ತಿದ್ದೂ ನಕ್ಕರಲ್ಲ, ಅದು ನನಗೆ ಇನ್ನೂ ಚುಚ್ಚುತ್ತದೆ.

ಸಂಜೆಗೆ ಮೆಸೇಜ್ ಬಂತು. ಸೀಟು ಇಲ್ಲ.

ಅದಕ್ಕೂ ಮುಂಚೆಯೇ, ಶಾಲೆಯ ಗೇಟಿನ ಹೊರಗೆ, ಶ್ರೀಶೈಲ ಹರಿಹಾಯ್ದಿದ್ದ. "ಒಂದ ಹೆಸರ ಹೇಳಾಕ ಬರಲಿಲ್ಲ ನಿನಗ? ಮದಿವ್ಯಾಗ ಹೇಳೂದು ಅಲ್ಲಿ ಹೇಳ್ತೀಯಲ್ಲ, ನಾಚಿಕಿ ಬರಂಗಿಲ್ಲ?"

ಅಲ್ಲ ಮಾರಾಯಾ, ನಿನ್ನ ಹೆಸರು ನಿನಗೆ ಗೊತ್ತಿತ್ತಲ್ಲ! ನೀನೇ ಹೇಳಿದ್ದರೆ ಗಂಟು ಹೋಗುತ್ತಿತ್ತಾ? ರೇಣುಕಾ ಮಗಳ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಅತ್ತೆಯ ಮುಂದೆ ಬಾಯಿ ತಪ್ಪಿ ಅವನ ಹೆಸರು ಹಿಡಿದಿದ್ದಳಂತೆ. ಇದೇ ಶ್ರೀಶೈಲ ಉಣ್ಣುವ ಗಂಗಾಳ ಸರಿಸಿ ಎದ್ದು ಹೋಗಿದ್ದನಂತೆ. ಅದನ್ನು ಅವಳು ನನಗೆ ಹೇಳಿದ್ದು ಆಮೇಲೆ.

ಇನ್ನು ಇವಳು ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು! ಆರಾಧ್ಯಾಳನ್ನು ಟಿಕೋಟಾದ ಶಾಲೆಗೇ ಹಾಕುವುದೆಂದು ಆಗಿತ್ತು. ಮತ್ತೆ ಇವಳಿಗೆ ಇಂಗ್ಲಿಷ್ ಯಾಕೆ?

"ಸೀಟಿನ ಸಲುವಾಗಿ ಅಲ್ರಿ ಅಕ್ಕೋರ. ಈಗ ನನಗ ಬೇಕಾಗೇತಿ. ಪಿಯುಸಿ ಇಂಗ್ಲಿಷ್ ಮತ್ತ ಬರೀಬೇಕಂತ ಮಾಡೇನಿ. ಈ ಸಲ ಪಾಸ್ ಆಗ್ತೀನ್ರಿ."

ನನಗೆ ಏನು ಖುಷಿ ಅಂತೀರಿ! ಹಾಗಾದರೆ ಮೊದಲು ಬಿದ್ದ ಜಾಗದಿಂದಲೇ ಏಳೋಣ ಅಂದೆ. ವಾಟ್ ಈಸ್ ಯುವರ್ ಹಸ್ಬಂಡ್ಸ್ ನೇಮ್? ಮುಖ ಕೆಂಪಾಯಿತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಒಮ್ಮೆ ಹೇಳಿಯೇ ಬಿಟ್ಟಳು. ಛಾವಣಿ ಬೀಳಲಿಲ್ಲ. ಮತ್ತೆ ಹೇಳಿದಳು, ಇನ್ನೂ ಜೋರಾಗಿ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅದೇ ಹೊತ್ತಿಗೆ ಹೊರಗೆ ಬೈಕಿನ ಹಾರ್ನ್. ಮಾರ್ಕೆಟ್ಟಿಗೆ ಬಂದಿದ್ದ ಶ್ರೀಶೈಲ ಅವಳನ್ನು ಕರೆದೊಯ್ಯಲು ಬಂದಿದ್ದ. ರೇಣುಕಾ ಅದೇ ನಗುವಿನಲ್ಲಿ ಓಡಿ ಬಾಗಿಲು ತೆಗೆದಳು.

"ಶ್ರೀಶೈಲ, ವುಡ್ ಯು ಲೈಕ್ ಸಮ್ ಟೀ?"

ಪಕ್ಕದ ಮನೆಯವರು ಕಟ್ಟೆಯ ಮೇಲೆ ಕೂತಿದ್ದರು. ಅವನು ಅವರನ್ನು ನೋಡಿದ, ನನ್ನನ್ನು ನೋಡಿದ, ಕೊನೆಗೆ ಅವಳನ್ನು.

"ಗಾಡಿ ಹತ್ತು" ಅಂದ.

ಮರುದಿನ ಶ್ರೀಶೈಲನ ಫೋನ್ ಬಂತು. "ಅಕ್ಕೋರ, ಕಲತದ್ದು ಇಷ್ಟ ಸಾಕ್ರಿ. ನಾ ಇಂಗ್ಲಿಷ್ ಕಲಿಸ್ರಿ ಅಂದಿದ್ದೆ, ನೀವು ಬ್ಯಾರೇನ ಕಲಿಸೀರಿ."

"ಅವತ್ತು ಹೆಸರು ಹೇಳಲಿಲ್ಲ ಅಂತ ನೀನೇ ಬೈದೆಯಲ್ಲಪ್ಪಾ?"

"ಅದು ಸಾಲ್ಯಾಗ್ರಿ. ಮಂದಿ ಮುಂದ ಬೀದ್ಯಾಗಲ್ಲ."

"ಮತ್ತೆ ಅವಳ ಪಿಯುಸಿ ಪರೀಕ್ಷೆ?"

"ಬರದ್ ಏನ್ ಮಾಡ್ತಾಳ್ರಿ?" ಅಂದ. ಫೋನ್ ಇಟ್ಟ.

ಅವತ್ತಿನಿಂದ ರೇಣುಕಾ ಬಂದಿಲ್ಲ. ಫೋನ್ ಮಾಡಿದರೆ ಅವಳ ಅತ್ತೆ ಎತ್ತಿ, ಕೆಲಸದಲ್ಲಿದ್ದಾಳೆ ಅನ್ನುತ್ತಾರೆ. ಮಧ್ಯಾಹ್ನ ಟಿಕೋಟಾ ಬಸ್ಸಿನ ಹೊತ್ತಿಗೆ ನಾನು ಸುಮ್ಮನೆ ಗೇಟು ನೋಡುತ್ತಾ ಕೂರುತ್ತೇನೆ.

ಶ್ರೀಶೈಲನಿಗೆ ಬೇಕಾಗಿದ್ದು ಇಂಗ್ಲಿಷ್ ಮಾತಾಡುವ ಹೆಂಡತಿ. ಮಾತಾಡುವ ಹೆಂಡತಿ ಯಾರಿಗೆ ಬೇಕಾಗಿದ್ದಾಳೆ ಹೇಳ್ರಿ?