ಕಿಸೆಯಲ್ಲಿ ಉಳಿದ ಚೀಟಿಗಳು

ಕುರ್ಚಿ ಕಬ್ಬಿಣದ್ದೇ ಆಗಿತ್ತು. ನನ್ನ ಗೆಳೆಯ ಮರದ ಬೆಂಚು ಎನ್ನುತ್ತಾನೆ. ಅವನು ಆ ದಿನ ಸುಳ್ಯಕ್ಕೆ ಬಂದಿದ್ದನೋ ಇಲ್ಲವೋ ಎಂಬುದೇ ನನಗೀಗ ಅನುಮಾನ. ಆದರೂ ಅವನ ಬೆಂಚು ಆಗಾಗ ನನ್ನ ಕುರ್ಚಿಯ ಜಾಗಕ್ಕೆ ಬಂದು ನಿಲ್ಲುತ್ತದೆ. ಬದಲಾಗದ್ದು ಸದ್ದು ಮಾತ್ರ. ಗಿಟಾರಿನವರ ಎಡಗೈ ಬೆರಳು ಮುರಿದದ್ದು ಮೈಕಿನಲ್ಲಿ ಕೇಳಿಸಿತು.

ಎಪ್ಪತ್ತರ ದಶಕದ ಕೊನೆ ಅದು. ಪುತ್ತೂರಿನ ಐದು ಜನ ಸೇರಿ ಕಟ್ಟಿದ್ದ ತಂಡ. ಊರವರು ಆರ್ಕೆಸ್ಟ್ರಾ ಎನ್ನುತ್ತಿದ್ದರು. ಕಾಲೇಜಿನಲ್ಲಿದ್ದ ನಾವು ಹತ್ತಿಪ್ಪತ್ತು ಮಂದಿ ಹಟ ಹಿಡಿದು ರಾಕ್ ಬ್ಯಾಂಡ್ ಎನ್ನುತ್ತಿದ್ದೆವು. ಕಾರ್ಯಕ್ರಮ ಇಟ್ಟವರಿಗೆ ಬೇಕಾದದ್ದು ಸಿನಿಮಾ ಹಾಡು. ಅದರ ನಡುವೆ ಅರ್ಧ ಗಂಟೆ ಸಿಕ್ಕಿದರೆ ತಂಡದವರು ತಮ್ಮದೇ ಹಾಡು ನುಡಿಸುತ್ತಿದ್ದರು. ಆಗ ಗಿಟಾರಿನವರು ಆಂಪ್ಲಿಫೈಯರಿನ ತಿರುಪನ್ನು ಕೊನೆಯವರೆಗೆ ತಿರುಗಿಸುವರು. ಎದುರು ಕೂತ ಹೆಂಗಸರು ಮಕ್ಕಳ ಕಿವಿ ಮುಚ್ಚುವರು. ನನಗೆ ಯಾರಿಗಾದರೂ ಹೊಡೆಯಬೇಕು ಅನಿಸುತ್ತಿತ್ತು. ಹಾಗೆ ಅನಿಸಲಿ ಎಂದೇ ನಾನು ಹೋಗುತ್ತಿದ್ದದ್ದು.

ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುವುದು ಆಗಿನ ಕ್ರಮ. ಹಾಡಿಗಿಂತ ಮುಖ್ಯ, ಕೆಳಗೆ ಬರೆದ ಹೆಸರು. ಹಾಡುಗಾರರು ಅದನ್ನು ಮೈಕಿನಲ್ಲಿ ಓದಿದ ಮೇಲೆಯೇ ಹಾಡು. ಚೀಟಿ ಒಟ್ಟುಮಾಡಿ ಕೊಂಡುಹೋಗುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡಿದ್ದೆ. ಐದರಲ್ಲಿ ಎರಡು ವೇದಿಕೆಗೆ ಹೋಗುತ್ತಿತ್ತು, ಉಳಿದದ್ದು ನನ್ನ ಪ್ಯಾಂಟಿನ ಕಿಸೆಗೆ. ಚೀಟಿ ಕಡಿಮೆಯಾದಷ್ಟೂ ಆ ಅರ್ಧ ಗಂಟೆ ಉದ್ದವಾಗುತ್ತಿತ್ತು. ತಂಡದವರಿಗೆ ಇದು ಗೊತ್ತಿರಲಿಲ್ಲ.

ಸುಳ್ಯದಲ್ಲಿ ಭಾನುವಾರ ಮಧ್ಯಾಹ್ನದ ಕಾರ್ಯಕ್ರಮ. ಸಂಪಾಜೆ ಕಡೆಯ ಒಬ್ಬ ಲಾರಿ ಡ್ರೈವರ್ ಹೊಸ ಹೆಂಡತಿಯನ್ನೂ ಮಾವನ ಮನೆಯವರನ್ನೂ ಕರೆದುಕೊಂಡು ಬಂದು ಎರಡನೆಯ ಸಾಲು ತುಂಬಿದ್ದ. ಗಂಡಹೆಂಡಿರ ಹೆಸರು ಮೈಕಿನಲ್ಲಿ ಬರುತ್ತದೆ ಎಂದು ಅವರಿಗೆಲ್ಲ ಹೇಳಿಯೂ ಆಗಿತ್ತು. ಮೊದಲ ಚೀಟಿ ಕೊಟ್ಟ. ಕಿಸೆ. ಎರಡನೆಯದು. ಕಿಸೆ. ಮೂರನೆಯದು ಕೊಡುವಾಗ ನನ್ನ ಮಣಿಕಟ್ಟು ಹಿಡಿದ.

"ಎಂತ ಮಾರಾಯ, ಓದ್ಲಿಕ್ಕೆ ಬರುದಿಲ್ವಾ ಅವರಿಗೆ?"

"ಬರ್ತದೆ ಅಣ್ಣ. ಇದು ಮುಗಿದ ಕೂಡಲೆ ನಿಮ್ಮದೇ."

"ಅಳಿಯಂದಿರ ಹೆಸರು ಇಲ್ಲಿ ಓದುದಾ, ರೇಡಿಯೋದಲ್ಲಿ ಓದುದಾ ಅಂತ ಮಾವ ಕೇಳ್ತಾ ಇದ್ದಾರೆ. ಭಾವಂದಿರು ನಗ್ತಾ ಇದ್ದಾರೆ."

"ಓದಿಸ್ತೇನೆ ಅಣ್ಣ."

ಅದೂ ಕಿಸೆಗೆ ಹೋಯಿತು.

ಗಿಟಾರಿನವರು ತಮ್ಮ ಹಾಡು ಶುರು ಮಾಡಿದರು. ಅದರ ಮಧ್ಯೆ ಒಂದು ವೇಗದ ತುಣುಕು ಉಂಟು, ಎಡಗೈಯ ನಾಲ್ಕೂ ಬೆರಳು ಓಡಬೇಕು. ಅದು ಮುಗಿಯುವ ಮೊದಲೇ ಡ್ರೈವರ್ ಕುರ್ಚಿ ಎತ್ತಿಕೊಂಡು ವೇದಿಕೆ ಹತ್ತಿದ್ದ. ನಗುತ್ತಿದ್ದ ಭಾವಂದಿರೇ ಈಗ ಅವನ ಹಿಂದೆ. ಸೋಡಾ ಬಾಟ್ಲಿಗಳು ಬಂದವು. ಡ್ರಮ್ಮಿನವರ ಹುಬ್ಬು ಒಡೆಯಿತು. ಗಿಟಾರಿನವರು ಮುಖಕ್ಕೆ ಅಡ್ಡ ಕೈ ಹಿಡಿದರು. ಮಡಚುವ ಕುರ್ಚಿ ಆ ಕೈಯ ಮೇಲೆಯೇ ಮಡಚಿಕೊಂಡಿತು. ನಾನು ಕೆಳಗೆ ಗುರುತಿಲ್ಲದ ಒಬ್ಬನ ತಲೆಯನ್ನು ಚಪ್ಪರದ ಕಂಬಕ್ಕೆ ಬಡಿಯುತ್ತಿದ್ದೆ. ಅವನನ್ನೇ ಯಾಕೆ, ಗೊತ್ತಿಲ್ಲ. ಖುಷಿಯಾಗುತ್ತಿತ್ತು ಎಂಬುದು ಗೊತ್ತು. ಇಷ್ಟು ವರ್ಷ ಇದನ್ನು ಹೇಳುವಾಗೆಲ್ಲ ಆ ಒಂದು ಮಾತನ್ನು ಬಿಟ್ಟುಬಿಡುತ್ತಿದ್ದೆ.

ಬೆರಳಿನ ಎಲುಬು ಸರಿಯಾಗಿ ಕೂಡಲಿಲ್ಲ. ಚೀಟಿ ನೋಡಿಯೂ ಓದಲಿಲ್ಲ ಎಂದು ಗಿಟಾರಿನವರು ಹಾಡುಗಾರರನ್ನು ದೂರಿದರು. ಚೀಟಿ ಬರಲೇ ಇಲ್ಲ ಎಂದರು ಹಾಡುಗಾರರು. ಇಬ್ಬರೂ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಅಂಗಿ ಹರಿಯುವ ಹಾಗೆ ಹೊಡೆದಾಡಿಕೊಂಡರಂತೆ. ತಂಡ ಒಡೆಯಿತು. ನಿಜ ಗೊತ್ತಿದ್ದವನು ನಾನೊಬ್ಬ. ಹೇಳಲಿಲ್ಲ.

ಎಂಟು ವರ್ಷದ ಮೇಲೆ ಅದೇ ಐವರು ಮತ್ತೆ ಸೇರಿದರು. ಪುತ್ತೂರು, ಸುಳ್ಯ, ಕಡಬ, ಮೂರು ಭಾನುವಾರ. ಮೂರಕ್ಕೂ ಹೋದೆ. ಪುತ್ತೂರಿನಲ್ಲೇ ಕಂಡಿತು: ಎರಡು ಬೆರಳು ಮಡಚುತ್ತಿರಲಿಲ್ಲ. ವೇಗದ ತುಣುಕು ಬಂದಾಗ ಗಿಟಾರಿನವರು ಜನರಿಗೆ ಬೆನ್ನು ಹಾಕಿ ನಿಂತರು, ಆರ್ಗನ್ನಿನವರು ಅದನ್ನು ನುಡಿಸಿದರು. ಜನ ಚಪ್ಪಾಳೆ ತಟ್ಟಿದರು. ಸುಳ್ಯದಲ್ಲೂ ಹಾಗೆಯೇ. ಇಡೀ ಹೊತ್ತು ಗಿಟಾರಿನವರೂ ಹಾಡುಗಾರರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಬಾಯಿ ಬಿಟ್ಟರೆ ಅವರಿಬ್ಬರ ನಡುವಿನದ್ದಾದರೂ ಸರಿಹೋದೀತು. ಬಿಡದಿದ್ದರೆ ನಾನು ಅಭಿಮಾನಿಯಾಗಿಯೇ ಉಳಿಯಬಹುದು.

ಕಡಬದಲ್ಲಿ ಶಾಲೆಯ ಮೈದಾನ. ಮಧ್ಯಂತರದಲ್ಲಿ ಪರದೆಯ ಹಿಂದೆ ಹೋದೆ. ಗಿಟಾರಿನವರು ಬೀಡಿ ಹಚ್ಚುತ್ತಿದ್ದರು. ಒಂದೇ ಉಸಿರಿಗೆ ಹೇಳಿದೆ.

"ಎಷ್ಟು ಚೀಟಿ?" ಎಂದರು.

"ಅವನದ್ದು ಮೂರು."

"ಎಂತಕ್ಕೆ ಮಾಡಿದ್ದು?"

"ನಿಮ್ಮ ಹಾಡು ಕೇಳ್ಲಿಕ್ಕೆ."

ಮೊದಲು ಎಡಗೈಯಲ್ಲೇ ಹೊಡೆದರು. ಅದು ಮುಷ್ಟಿಯಾಗಲಿಲ್ಲ. ಆ ಎರಡು ಬೆರಳು ನೆಟ್ಟಗೆ ನನ್ನ ಕೆನ್ನೆಯ ಎಲುಬಿಗೆ ತಾಗಿದವು. ಬೊಬ್ಬೆ ಹಾಕಿದ್ದು ಅವರು. ಆಮೇಲೆ ಬಲಗೈ. ಬಿದ್ದ ಮೇಲೆ ಕಾಲು, ಪಕ್ಕೆಗೆ, ಬೆನ್ನಿಗೆ, ಮತ್ತೆ ಪಕ್ಕೆಗೆ. ಆ ಪೆಟ್ಟಿನಿಂದ ನನ್ನ ಒಂದು ಕಿವಿ ಹೋಯಿತು ಎಂದು ಹಿಂದೊಮ್ಮೆ ಬರೆದಿದ್ದೆ. ಬೆರಳಿಗೆ ಬದಲು ಕಿವಿ, ಓದಲು ಚಂದ. ಸುಳ್ಳು ಅದು. ಒಂದು ಹಲ್ಲು ಅಲುಗಾಡಿತು, ತಿಂಗಳೊಳಗೆ ಗಟ್ಟಿಯಾಯಿತು.

ಹಾಡುಗಾರರು ಓಡಿ ಬಂದು ಅವರ ಸೊಂಟ ಹಿಡಿದು ಎಳೆದರು. "ಬಿಡು ಮಾರಾಯ, ಸತ್ತಾನು! ಎಂತ ಮಾಡಿದ ಇವ?"

"ಚೀಟಿ ನಿನ್ನ ಕೈಗೆ ಬರ್ಲೇ ಇಲ್ಲ. ಇವನ ಕಿಸೆಯಲ್ಲಿ ಇತ್ತಂತೆ."

ಹಾಡುಗಾರರು ಬಗ್ಗಿ ನನ್ನ ಮುಖ ನೋಡಿದರು. "ನಾನು ಎಂಟು ವರ್ಷ ಅದನ್ನೇ ಹೇಳಿದ್ದಲ್ವಾ?" ಎಂದು, ಹಿಡಿದ ಸೊಂಟ ಬಿಟ್ಟು, ತಾವೂ ಒಂದು ಒದ್ದರು.

ಮಧ್ಯಂತರ ಮುಗಿಯಿತು. ಇಬ್ಬರೂ ವೇದಿಕೆಗೆ ಹೋದರು. ನಾನು ಪರದೆಯ ಹಿಂದೆ ಮಣ್ಣಿನಲ್ಲಿ ಕೂತು ರಕ್ತ ಉಗುಳುತ್ತಾ ಸಂದಿನಿಂದ ನೋಡುತ್ತಿದ್ದೆ. ಆ ಹಾಡು ಶುರುವಾಯಿತು. ವೇಗದ ತುಣುಕು ಬರುವಾಗ ಗಿಟಾರಿನವರು ಆರ್ಗನ್ನಿನವರಿಗೆ ಬೇಡ ಎಂದು ತಲೆಯಾಡಿಸಿದರು. ಬೆನ್ನು ತಿರುಗಿಸಲಿಲ್ಲ. ಇದ್ದ ಬೆರಳಲ್ಲೇ ನುಡಿಸಲು ಹೋದರು. ತಂತಿ ಕಿರುಚಿತು, ಜಾರಿತು, ನಿಂತಿತು.

"ಕರೆಂಟು ಹೋಯ್ತಾ ಮಾರಾಯ್ರೆ?" ಎಂದು ಯಾರೋ ಕೂಗಿದರು. ಶಿಳ್ಳೆ ಬಿತ್ತು. ಒಂದು ಚಪ್ಪಲಿ ಬಂದು ಡ್ರಮ್ಮಿಗೆ ಬಡಿಯಿತು. ಗಿಟಾರಿನವರು ಪುನಃ ಶುರು ಮಾಡಿದರು. ಅದೇ ಜಾಗದಲ್ಲಿ ತಪ್ಪಿತು. ಹಾಡುಗಾರರು ಸ್ಟ್ಯಾಂಡಿನಿಂದ ಮೈಕು ಕಿತ್ತುಕೊಂಡು ಹೋಗಿ ಆಂಪ್ಲಿಫೈಯರಿನ ಬಾಯಿಗೆ ಹಿಡಿದರು. ಆ ತಪ್ಪು ಈಗ ಮೈದಾನದ ಆಚೆ ರಸ್ತೆಯವರೆಗೆ ಕೇಳುತ್ತಿತ್ತು. ಇನ್ನೊಂದು ಚಪ್ಪಲಿ ಹಾಡುಗಾರರ ಹೆಗಲಿಗೆ ಬಿತ್ತು. ಅವರು ಕದಲಲಿಲ್ಲ. ಗಿಟಾರಿನವರು ಅವರ ಮುಖ ನೋಡಿ, ಮೂರನೆಯ ಸಲ ಶುರು ಮಾಡಿದರು.