ಮಾವ ಸ್ಪರ್ಧಿಸಿದ ಒಂದೇ ಚುನಾವಣೆ

ಅಮ್ಮನ ಕಡೆಯಿಂದ ನನಗೆ ದೂರದ ಸೋದರಮಾವನಾಗಬೇಕಾದ ಒಬ್ಬರು ಬೆಂಗಳೂರಿನ ಮೇಲ್ಮನೆಯಲ್ಲಿ ಬಹಳ ಕಾಲ ಸದಸ್ಯರಾಗಿದ್ದರು. ಎಷ್ಟು ವರ್ಷ ಎಂದು ಖಚಿತವಾಗಿ ಹೇಳಲಾರೆ. ಅವರು ಹೇಳುವಾಗಲೆಲ್ಲ ಎರಡು ವರ್ಷ ಹೆಚ್ಚುತ್ತಿತ್ತು, ಅಮ್ಮ ಹೇಳುವಾಗಲೆಲ್ಲ ಎರಡು ವರ್ಷ ಇಳಿಯುತ್ತಿತ್ತು. ಮಹಾರಾಜರ ಕಾಲದಲ್ಲಿ ಯಾರೋ ಹೆಸರು ಸೂಚಿಸಿ ಒಳಗೆ ಹೋದವರು, ಸ್ವಾತಂತ್ರ್ಯ ಬಂದಾಗಲೂ ಒಳಗೇ ಇದ್ದರು. ರಾಜ್ಯ ದೊಡ್ಡದಾಗಿ ಕುರ್ಚಿಗಳ ಸಂಖ್ಯೆ ಹೆಚ್ಚಿದಾಗಲೂ ತಮ್ಮ ಕುರ್ಚಿಯಿಂದ ಎದ್ದಿರಲಿಲ್ಲ.

"ಮೂರು ಎಲೆಕ್ಷನ್ ಗೆದ್ದವನು ನಾನು" ಎಂದು ಅವರು ಹೇಳುತ್ತಿದ್ದುದು ಸುಳ್ಳಲ್ಲ. ಮೂರರಲ್ಲೂ ಎದುರಿಗೆ ಯಾರೂ ನಿಂತಿರಲಿಲ್ಲ, ಅಷ್ಟೆ.

ಐವತ್ತರ ದಶಕ ಮುಗಿಯುತ್ತ ಬಂದಾಗ ಮೊದಲ ಬಾರಿಗೆ ಎದುರಿಗೆ ಇಬ್ಬರು ನಿಂತರು. ಒಬ್ಬರು ಶಿವಮೊಗ್ಗದ ವಕೀಲರು. ಇನ್ನೊಬ್ಬರು ಬಯಲುಸೀಮೆ ಕಡೆಯ ಅಕ್ಕಿ ಗಿರಣಿಯ ಮಾಲೀಕರು. ಈ ಚುನಾವಣೆಯಲ್ಲಿ ಊರಿನ ಜನರಿಗೆ ಮತವಿರಲಿಲ್ಲ. ಪುರಸಭೆ, ತಾಲ್ಲೂಕು ಬೋರ್ಡುಗಳ ಸದಸ್ಯರು ಮಾತ್ರ ಮತದಾರರು. ನಾನು ಆಗಷ್ಟೇ ಮೈಸೂರಿನಲ್ಲಿ ಓದು ಮುಗಿಸಿ ಶಿಕಾರಿಪುರದ ಮನೆಗೆ ಬಂದು, ಕೆಲಸವಿಲ್ಲದೆ ಎಲ್ಲರೊಂದಿಗೂ ವಾದ ಮಾಡುತ್ತಿದ್ದೆ. ಮನೆಯವರು ನನ್ನನ್ನು ಸಂತೋಷದಿಂದಲೇ ಸೊರಬಕ್ಕೆ, ಮಾವನ ಸಹಾಯಕ್ಕೆ ಕಳಿಸಿದರು.

ಮಾವನ ಮನೆಯಲ್ಲಿ ಎರಡು ದಿನ ಇದ್ದಾಗಲೇ ಈ ಚುನಾವಣೆ ಅವರಿಗೆ ಏಕೆ ಅಷ್ಟು ಮುಖ್ಯ ಎಂದು ನನಗೆ ತಿಳಿಯಿತು. ಗದ್ದೆಗಳನ್ನೆಲ್ಲ ಅವರ ತಮ್ಮ ನೋಡಿಕೊಳ್ಳುತ್ತಿದ್ದ. ಮನೆಯನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಒಂದು ದಿನ ಮಾವ ಯಾವುದೋ ಗದ್ದೆಯ ಬದುವಿನ ಮೇಲೆ ನಿಂತು "ಬೆಳೆ ಚೆನ್ನಾಗಿದೆ" ಎಂದರು. ಆ ಗದ್ದೆ ಪಕ್ಕದವರದು.

"ಇವರು ಮನೇಲಿದ್ರೆ ಎಂತ ಮಾಡ್ತಾರೆ ಹೇಳು" ಎಂದು ಅತ್ತೆ ಅವರೆದುರೇ ನನ್ನನ್ನು ಕೇಳಿದರು. "ನಾಲ್ಕು ದಿನ ಇದ್ರೆ ಸಾಕು, ಅಡುಗೆಮನೆ ಬಾಗ್ಲಲ್ಲಿ ನಿಂತು, ಈ ವಿಷಯದಲ್ಲಿ ನನ್ನದೊಂದು ತಿದ್ದುಪಡಿ ಇದೆ ಅಂತಾರೆ. ಸಾರಿಗೆ ಎಂತ ತಿದ್ದುಪಡಿ ಮಾರಾಯ?"

ಮಾವ ನಗಲಿಲ್ಲ. ಆಮೇಲೆ ಜಗಲಿಯಲ್ಲಿ ಮೆಲ್ಲಗೆ ಕೇಳಿದರು: "ಸೋತ್ರೆ ನಾನು ಎಲ್ಲಿ ಕೂರೋದು, ಅಳಿಯ?"

ನನ್ನ ಮೊದಲ ಕೆಲಸ ಅವರ ಸಾಧನೆಗಳ ಕರಪತ್ರ ಬರೆಯುವುದು. ಸದನದ ಕಲಾಪಗಳ ಅಚ್ಚಾದ ಪುಸ್ತಕಗಳು ಅಟ್ಟದ ಮೇಲೆ, ಕಟ್ಟಿದ ದಾರವನ್ನೂ ಬಿಚ್ಚದೆ, ರಾಶಿ ಬಿದ್ದಿದ್ದವು. ಮಾವ ಯಾವ ವಿಷಯಕ್ಕೆ ಹೇಗೆ ಮತ ಹಾಕಿದ್ದಾರೆ ಎಂದು ಒಂದೊಂದಾಗಿ ಹುಡುಕಿದೆ. ಎಲ್ಲದಕ್ಕೂ ಪರ. ತೆರಿಗೆ ಏರಿಸುವುದಕ್ಕೂ ಪರ, ಆಮೇಲೆ ಅದನ್ನೇ ಇಳಿಸುವುದಕ್ಕೂ ಪರ. ಒಂದೇ ಒಂದು ಕಡೆ ಮಾತ್ರ, ಯಾವುದೋ ದನದ ದೊಡ್ಡಿಗಳ ಮಸೂದೆಗೆ, ಸರ್ಕಾರದ ವಿರುದ್ಧ ಮತ ಹಾಕಿದ್ದರು. ನನಗೆ ರೋಮಾಂಚನವಾಯಿತು. ಓಡಿಹೋಗಿ ಕಾರಣ ಕೇಳಿದೆ.

ಮಾವ ಪುಸ್ತಕದಲ್ಲಿ ತಾರೀಖು ನೋಡಿದರು. "ಅವತ್ತು ನನ್ನ ಕುರ್ಚಿ ಕಾಲು ಮುರಿದಿತ್ತು. ಎದುರು ಪಕ್ಷದೋರ ಸಾಲಲ್ಲಿ ಕೂತಿದ್ದೆ. ಆ ಸಾಲಿನೋರೆಲ್ಲ ಕೈಯೆತ್ತಿದ್ರು."

ಕರಪತ್ರದಲ್ಲಿ ನಾನು ಅದನ್ನು "ರೈತರ ಪರವಾಗಿ ನಿರ್ಭೀತ ನಿಲುವು" ಎಂದು ಬರೆದೆ. ಸತ್ಯದ ಬಗ್ಗೆ ಇಷ್ಟು ಮಾತಾಡುವ ನಾನು ಹಾಗೆ ಬರೆದಿರಲಾರೆ ಎಂದು ಈಗ ಅನ್ನಿಸುತ್ತದೆ. ಆದರೆ ಅಲ್ಲಿ ಬರೆಯುವವನು ನಾನೊಬ್ಬನೇ ಇದ್ದೆ.

ಎರಡನೆಯ ಕೆಲಸ ಮತದಾರರಿಗೆ ಮತ ಹಾಕುವುದನ್ನು ಕಲಿಸುವುದು. ಹಿಂದಿನ ದೊಡ್ಡ ಚುನಾವಣೆಯಲ್ಲಿ ಅವರೆಲ್ಲ, ಗುರುತು ಅಂಟಿಸಿದ ಪೆಟ್ಟಿಗೆಯೊಳಗೆ ಚೀಟಿ ಇಳಿಬಿಟ್ಟು ಬಂದವರು. ಇಲ್ಲಿ ಹಾಗಲ್ಲ. ಒಂದೇ ಚೀಟಿಯಲ್ಲಿ ಮೂವರ ಹೆಸರೂ ಇರುತ್ತದೆ. ಹೆಚ್ಚು ಬೇಕಾದವರ ಮುಂದೆ ಒಂದು, ಆಮೇಲಿನವರ ಮುಂದೆ ಎರಡು, ಹೀಗೆ ಅಂಕಿ ಬರೆಯಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು "ಒಂದು" ಸಿಗದಿದ್ದರೆ, ಎಲ್ಲರಿಗಿಂತ ಕಡಿಮೆ ಬಂದವರನ್ನು ಕೈಬಿಟ್ಟು, ಅವರ ಚೀಟಿಗಳಲ್ಲಿ "ಎರಡು" ಯಾರಿಗಿದೆಯೋ ಅವರಿಗೆ ಹಂಚುತ್ತಾರೆ.

ಮೊದಲ ಪಾಠ ಶಿಕಾರಿಪುರದಲ್ಲಿ, ಪುರಸಭೆಯ ಸದಸ್ಯರೊಬ್ಬರ ಬಟ್ಟೆ ಅಂಗಡಿಯಲ್ಲಿ. ನಾನು ಕಾಗದದ ಮೇಲೆ ಅಂಕಿ ಬರೆದು ಅರ್ಧ ಗಂಟೆ ವಿವರಿಸಿದೆ. ಅಂಗಡಿಯವರು ಗಜಕೋಲು ಕೆಳಗಿಟ್ಟರು.

"ಮೂರಕ್ಕಿಂತ ಒಂದು ದೊಡ್ಡದು ಅಂತೀರಲ್ರೀ, ನೀವು ಯಾವ ಸಾಲೀಲಿ ಓದಿದ್ರಿ?"

"ದೊಡ್ಡದು ಅಂತಲ್ಲ, ಮೊದಲನೆಯದು..."

"ಸಾಕು ಬಿಡ್ರೀ. ನಿಮ್ಮ ಮಾವನ ಹೆಸರಿನ ಮುಂದೆ ಒಂದು ಬರ್ದು ಬರೋದು. ಮುಗೀತಲ್ಲ? ಇಷ್ಟಕ್ಕೆ ಮೈಸೂರಿಗೆ ಹೋಗಿದ್ರಾ?"

ಸೊರಬದಲ್ಲೂ ಅಷ್ಟೇ ಹೇಳಿದ್ದರೆ ಸಾಕಿತ್ತು. ಆದರೆ ಬಟ್ಟೆ ಅಂಗಡಿಯವರ ಮಾತು ನನ್ನನ್ನು ಚುಚ್ಚಿತ್ತು. ಜನರಿಗೆ ಅವರ ಬದುಕಿನಿಂದಲೇ ಉದಾಹರಣೆ ಕೊಡಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಸೊರಬದ ಸದಸ್ಯರನ್ನೆಲ್ಲ ಅವರಲ್ಲಿ ಹಿರಿಯರಾದವರೊಬ್ಬರ ಜಗಲಿಯಲ್ಲಿ ಸೇರಿಸಿ ಹೇಳಿದೆ: "ಮನೇಲಿ ಊಟಕ್ಕೆ ಎಲೆ ಹಾಕೋದಿಲ್ವೇ, ಹಾಗೇ ಇದು. ಯಾರಿಗೆ ಮೊದಲು ಎಲೆ ಹಾಕ್ತೀರೋ ಅವರಿಗೆ ಒಂದು. ಅವರಾದ ಮೇಲೆ ಯಾರಿಗೋ ಅವರಿಗೆ ಎರಡು."

ಈ ಉದಾಹರಣೆ ಮಾವನದೇ ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಹಾಗೆಂದೇ ನಂಬಿದ್ದೆ ಕೂಡ. ಈಗ ಬರೆಯಲು ಕುಳಿತಾಗ ಆ ಜಗಲಿಯಲ್ಲಿ ಮಾವ ಇದ್ದದ್ದೇ ನೆನಪಾಗುವುದಿಲ್ಲ. ಅವರು ಆ ದಿನ ಚಂದ್ರಗುತ್ತಿಗೆ ಹೋಗಿದ್ದರು.

ಹಿರಿಯರು ಎಲೆ ಅಡಿಕೆ ಅಗಿಯುತ್ತ ತಲೆಯಾಡಿಸಿದರು. "ಈಗ ಗೊತ್ತಾತು ಮಾರಾಯ್ರೆ. ಓದಿದೋರು ಹಿಂಗೆ ಹೇಳ್ಬೇಕು." ನಾನು ಬೀಗಿಹೋದೆ.

ಮತದಾನದ ದಿನ ಸಂಜೆ ಅದೇ ಹಿರಿಯರು ಮಾವನ ಮನೆಯ ಮುಂದೆ ಹಾದು ಹೋಗುತ್ತಿದ್ದರು. ನನ್ನನ್ನು ಕಂಡು ನಿಂತರು. ಮುಖ ಅರಳಿತ್ತು.

"ನೀವು ಹೇಳ್ದಂಗೇ ಮಾಡಿದ್ವಿ. ಗಿರಣಿಯೋರಿಗೆ ಒಂದು, ನಿಮ್ಮ ಮಾವಂಗೆ ಎರಡು."

"ಗಿರಣಿಯವರಿಗೆ... ಒಂದು?"

"ಮತ್ತೆ? ಅಷ್ಟು ದೂರದಿಂದ ಬಸ್ಸಲ್ಲಿ ಧೂಳು ಕುಡ್ಕೊಂಡು ಎರಡು ಸಲ ಬಂದಿದ್ರು ಪಾಪ. ನೆಂಟರಿಗೆ ತಾನೇ ಮೊದ್ಲು ಎಲೆ ಹಾಕೋದು? ನಿಮ್ಮ ಮಾವ ಮನೆಯೋರು. ಮನೆ ಯಜಮಾನ ನೆಂಟರಿಗಿಂತ ಮುಂಚೆ ಉಣ್ಣಾಕೆ ಕೂತ್ರೆ ಊರೋರು ಎಂತ ಅಂತಾರೆ?"

"ವಕೀಲರಿಗೆ?"

"ಅವ್ರು ಕಾಗದ ಬರ್ದಿದ್ರು, ಬರ್ಲೇ ಇಲ್ಲ. ಉಣ್ಣಾಕೇ ಬರದೋರಿಗೆ ಎಲೆ ಯಾಕೆ?"

"ಎಷ್ಟು ಜನ ಹೀಗೆ ಬರೆದ್ರಿ?"

"ಎಲ್ರೂ! ಮೊದ್ಲೇ ಮಾತಾಡ್ಕೊಂಡಿದ್ವಿ. ಒಗ್ಗಟ್ಟು ಬೇಡ್ವೇನ್ರೀ?"

ಮಾವನ ಸ್ವಂತ ಊರಿನ ಮತಗಳು ಒಂದೂ ಬಿಡದಂತೆ ಗಿರಣಿಯವರ ಪಾಲಾಗಿದ್ದವು. ಒಳಗೆ ಹೋಗಿ ಹೇಳಿದೆ. ಮಾವ ಕೋಪದಿಂದ ಕೈಯಲ್ಲಿದ್ದ ಲೋಟ ಎಸೆದರು ಎಂದು ಅತ್ತೆ ಕೊನೆಯವರೆಗೂ ಹೇಳುತ್ತಿದ್ದರು. ನನಗೆ ಲೋಟದ ನೆನಪೇ ಇಲ್ಲ. ಅವರ ಮುಖದಲ್ಲಿ ಮೊದಲು ಸಂತೋಷ ಕಂಡದ್ದು ಮಾತ್ರ ನೆನಪಿದೆ. "ಮನೆಯೋರು ಅಂದ್ರಾ? ಅವನೇ ಅಂದ್ನಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಬೆರಳು ಮಡಿಚಿ ಶಿಕಾರಿಪುರದವರನ್ನು ಎಣಿಸಿದರು. ಮತ್ತೆ ಎಣಿಸಿದರು. ಆಮೇಲೆ ಗೋಡೆಗೆ ಒರಗಿ ಕೂತರು.

ಎಣಿಕೆ ಶಿವಮೊಗ್ಗದ ಜಿಲ್ಲಾ ಕಚೇರಿಯಲ್ಲಿ. ಬಸ್ಸು ಶಿಕಾರಿಪುರ ದಾಟಿದ ಮೇಲೆ ಮಾವ, ಗದ್ದೆಗೆ ನೀರು ಕಟ್ಟುವುದು ಕಲಿಯಲು ಎಷ್ಟು ದಿನ ಬೇಕಾದೀತು ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ.

ಕಚೇರಿಯ ಹಜಾರದಲ್ಲಿ ಮೇಜಿನ ಮೇಲೆ ಚೀಟಿಗಳ ಮೂರು ಕಟ್ಟು ಬೆಳೆದವು. ವಕೀಲರದು ಎತ್ತರ, ಮಾವನದು ಅದಕ್ಕಿಂತ ಗಿಡ್ಡ, ಗಿರಣಿಯವರದು ಎಲ್ಲಕ್ಕಿಂತ ಗಿಡ್ಡ. ವಕೀಲರು ಎದ್ದು ಕೋಟು ಸರಿಮಾಡಿಕೊಂಡರು. ಮಾವನೂ ಎದ್ದರು, ಹೊರಡಲು.

"ಯಾರಿಗೂ ಅರ್ಧಕ್ಕಿಂತ ಹೆಚ್ಚಿಲ್ಲ. ಕೂತ್ಕೊಳ್ಳಿ" ಎಂದರು ಅಧಿಕಾರಿ.

ಗಿರಣಿಯವರನ್ನು ಕೈಬಿಟ್ಟು ಅವರ ಕಟ್ಟನ್ನು ಬಿಚ್ಚಿದರು. ಕೆಲವು ಚೀಟಿಗಳು ವಕೀಲರಿಗೆ ಹೋದವು. ಆಮೇಲೆ ಒಂದಾದ ಮೇಲೊಂದು ಮಾವನ ಕಟ್ಟಿಗೆ ಬೀಳತೊಡಗಿದವು. ಎರಡು, ಎರಡು, ಎರಡು. ಗುಮಾಸ್ತರು ಒಮ್ಮೆ ತಲೆಯೆತ್ತಿ, "ಏನ್ರೀ ಇದು, ಎಲ್ಲ ಒಬ್ಬರೇ ಬರ್ದಂಗಿದೆ!" ಎಂದರು. ವಕೀಲರು ಇನ್ನೊಮ್ಮೆ ಎಣಿಸಿ ಎಂದರು. ಎಣಿಸಿದರು. ಮಾವ ಗೆದ್ದಿದ್ದರು. ಎಷ್ಟು ಅಂತರದಲ್ಲಿ ಎಂಬುದನ್ನು ನಾನು ಒಬ್ಬೊಬ್ಬರಿಗೆ ಒಂದೊಂದು ರೀತಿ ಹೇಳಿದ್ದೇನೆ. ತೀರಾ ಕಡಿಮೆ ಎಂಬುದಷ್ಟೇ ನಿಜ.

ಗಿರಣಿಯವರು ಬಂದು ಮಾವನ ಕೈ ಹಿಡಿದರು. ಸೋತ ಬೇಸರ ಅವರಲ್ಲಿ ಕಾಣಲಿಲ್ಲ. "ಸೊರಬದಾಗೆ ನನಗಿಷ್ಟು ಜನ ಅದಾರೆ ಅಂತ ಗೊತ್ತೇ ಇರ್ಲಿಲ್ಲ ನೋಡ್ರಿ" ಎಂದರು. ನನ್ನ ಕಡೆ ತಿರುಗಿ, "ಅಲ್ಲಿ ಪಾಠ ಹೇಳ್ದೋರು ನೀವೇ ಅಂತಲ್ಲ? ಮುಂದಿನ ಸಲ ನಮ್ಮ ಕಡೆಗೆ ಬರ್ರಿ" ಎಂದರು.

"ಅವನು ಬರಾಂಗಿಲ್ಲ" ಎಂದು ನನ್ನ ಪರವಾಗಿ ಮಾವನೇ ಉತ್ತರ ಕೊಟ್ಟರು.

ಹೊರಗೆ ಬಂದೆವು. ಮಾವ ಟೋಪಿ ಸರಿಮಾಡಿಕೊಂಡರು. ಬೆಳಗಿನಿಂದ ಬಾಗಿದ್ದ ಬೆನ್ನು ನೆಟ್ಟಗಾಗಿತ್ತು. ನಾನು ಸೊರಬದ ಬಸ್ಸು ನಿಂತಿದ್ದ ಕಡೆ ಹೊರಟರೆ ಅವರು ಎದುರು ದಿಕ್ಕಿಗೆ ನಡೆದರು.

"ಬೆಂಗಳೂರಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳು, ಅಳಿಯ."

"ಈಗಲೇ ಯಾಕೆ ಮಾವ? ಸದನ ಸೇರೋದಕ್ಕೆ ಇನ್ನೂ ಒಂದು ತಿಂಗಳಿದೆ."

"ಇರ್ಲಿ. ನಿಮ್ಮ ಅತ್ತೆಗೆ ನೀನೇ ಹೋಗಿ ಹೇಳು. ಒಂದು ತಿಂಗಳು ಮನೇಲಿ ಕೂತು ನಾನು ಎಂತ ಮಾಡ್ಲಿ?"