ಕೆಮ್ಮದ ಶೇಖಪ್ಪನವರು
ಬ್ಯಾಡಗಿಯ ಬಸ್ ನಿಲ್ದಾಣದಲ್ಲಿ, ಚಹಾದಂಗಡಿಯ ಬೆಂಚಿನ ಮೇಲೆ ಕೂತಿರುವ ಶೇಖಪ್ಪನವರೇ ನಮ್ಮೂರಿನ ಚರಿತ್ರೆ. ನಲವತ್ತು ವರ್ಷ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ತೂಗಿದ ಅವರಿಗೆ ಇಸವಿಗಳು ಗೊತ್ತಿಲ್ಲ. ಮಳೆಗೆ ರಾಶಿ ತೊಯ್ದ ವರ್ಷ, ಚೀಲಗಳು ಮೊದಲು ಲಾರಿ ಹತ್ತಿದ ವರ್ಷ ಎಂದೇ ಹೇಳುತ್ತಾರೆ. ಹಾವೇರಿಯ ಕಾಲೇಜಿಗೆ ಬಸ್ಸು ಕಾಯುತ್ತ ನಾನು ಅದನ್ನೆಲ್ಲ ದಿನಕ್ಕಿಷ್ಟು ಕೇಳಿದ್ದೇನೆ. ಸುಗ್ಗಿಯಲ್ಲಿ ಗಾಳಿಗೆ ಘಾಟು ಏರಿದಾಗ ಬಸ್ಸಿಳಿದವರು ಕೆಮ್ಮುತ್ತಾರೆ, ಶೇಖಪ್ಪನವರ ಮುಖ ಅರಳುತ್ತದೆ. "ಯಾವೂರ್ರೀ ನಿಮ್ದು? ಕೆಮ್ಮಿದವ್ರು ನಮ್ಮೂರವ್ರಲ್ಲ ಬಿಡ್ರಿ" ಎನ್ನುತ್ತಾರೆ. ತಾವು ತೊಟ್ಟಿಲಲ್ಲೂ ಕೆಮ್ಮಿದವರಲ್ಲವಂತೆ; ಮೋಟೆಬೆನ್ನೂರಿನಿಂದ ಮದುವೆಯಾಗಿ ಬಂದ ಹೆಂಡತಿ ಕೆಮ್ಮು ಬಿಟ್ಟ ಮೇಲೆಯೇ ಅವಳನ್ನು ಊರಿನವಳೆಂದು ಒಪ್ಪಿದರಂತೆ. ಮೊನ್ನೆ, ಮೇಡ್ಲೇರಿಗೆ ಕೊಟ್ಟಿದ್ದ ಅವರ ಮಗಳು ಸುಶೀಲವ್ವ ಟ್ರಂಕು ಹಿಡಿದು ಬಸ್ಸಿಳಿದಳು. ಗಂಡ ಇನ್ನೊಬ್ಬಳನ್ನು ತಂದು ಇವಳನ್ನು ಹೊರಹಾಕಿದ್ದು ಊರಿಗೆಲ್ಲ ಗೊತ್ತಿತ್ತು. ಕಾಲಿಡುತ್ತಲೇ ಅವಳಿಗೆ ಕೆಮ್ಮು ಬಂತು. ಎಷ್ಟು ತಡೆದರೂ ನಿಲ್ಲಲಿಲ್ಲ. "ಏನ್ ಶೇಖಪ್ಪಣ್ಣ, ನಿನ್ನ ಮಗಳೂ ಪರವೂರಾಕಿ ಆದ್ಳಲ್ಲಪಾ" ಎಂದು ಚಹಾದಂಗಡಿಯ ಮೈಲಾರೆಪ್ಪ ನಕ್ಕ. ಶೇಖಪ್ಪನವರು ಎದ್ದು ಹೋಗಿ ಅವಳ ಕೈಯಿಂದ ಟ್ರಂಕು ಇಸಿದುಕೊಂಡು, ಎಲ್ಲರಿಗೂ ಕೇಳುವಂತೆ ತಾವೂ ಕೆಮ್ಮಿದರು. "ಈ ವರ್ಷ ಘಾಟು ಭಾಳ ಐತಿ, ನಡಿಯವ್ವ" ಎಂದರು. ಎಂದೂ ಕೆಮ್ಮಿ ಗೊತ್ತಿಲ್ಲದವರ ಕೆಮ್ಮು ಅದು. ಸುಳ್ಳೆಂದು ನಮಗೆಲ್ಲ ತಿಳಿಯಿತು. ತನಗಾಗಿ ಅಪ್ಪ ಸುಳ್ಳು ಕೆಮ್ಮಬೇಕಾಯಿತೆಂದು ಅವಳಿಗೂ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಇಳಿದ ಬಸ್ಸಿನ ಬಾಗಿಲ ಬಳಿಯೇ ನಿಂತಳು.